ಹಿತ್ತಲ ಪ್ರಶ್ನೋತ್ತರ: ಕೊಡಗಿನ ಮಳೆ-ಚಳಿಯಲ್ಲಿ ಗೆಣಸು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿಹಿಗೆಣಸಿನವು, ಬಹುಪಾಲು ಕೊಡಗಿನವು. ಹಾಗಾಗಿ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಅಳತೆಗಳೆಲ್ಲ 100 ಚದರ ಅಡಿಗೆ, ಎಂದರೆ ಹೆಚ್ಚುಕಡಿಮೆ ಕಾಲು ಸೆಂಟ್ ಜಾಗಕ್ಕೆ ಕೊಟ್ಟಿವೆ. ನಿಮ್ಮ ಹಿತ್ತಲಿಗೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಜೂನ್ ಮೊದಲ ವಾರ ಗೆಣಸಿನ ಬಳ್ಳಿ ನೆಟ್ಟೆವು. ಬಳ್ಳಿ ಸೊಂಪಾಗಿ ಹಬ್ಬಿತು. ಅಕ್ಟೋಬರಿನಲ್ಲಿ ಕಿತ್ತು ನೋಡಿದರೆ ಬೆರಳು ಗಾತ್ರದ ಬೇರು ಬಿಟ್ಟರೆ ಏನೂ ಇಲ್ಲ. ನಮ್ಮ ಚಳಿಗೆ ಗೆಣಸು ಆಗುವುದೇ ಇಲ್ಲವೇ? (ಗಾಳಿಬೀಡು)

ಉತ್ತರ: ಆಗುತ್ತದೆ. ನಿಮ್ಮ ಬೆಳೆ ಕೆಡಿಸಿದ್ದು ಚಳಿಯಲ್ಲ, ನೀರು. ನೆಟ್ಟ 20ನೇ ದಿನದಿಂದ 40ನೇ ದಿನದೊಳಗೆ ಯಾವ ಬೇರು ಗೆಡ್ಡೆಯಾಗಬೇಕು, ಯಾವುದು ಬರೀ ಬೇರಾಗಿ ಉಳಿಯಬೇಕು ಎನ್ನುವುದು ಹೆಚ್ಚುಕಡಿಮೆ ತೀರ್ಮಾನವಾಗಿಬಿಡುತ್ತದೆ. ಆ ದಿನಗಳಲ್ಲಿ ಮಣ್ಣಿನೊಳಗೆ ಗಾಳಿಯಾಡಬೇಕು. ನೀರು ನಿಂತು ಉಸಿರು ಕಟ್ಟಿದರೆ ಬೇರು ಪಿಷ್ಟ ತುಂಬಿಕೊಳ್ಳುವ ಕೆಲಸಕ್ಕೇ ಹೋಗುವುದಿಲ್ಲ, ನಾರಾಗಿ ಉಳಿಯುತ್ತದೆ. ಒಮ್ಮೆ ನಾರಾದ ಬೇರಿಗೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅದು ದಪ್ಪವಾಗುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಮಡಿಕೇರಿ ಸೀಮೆಯಲ್ಲಿ ಜೂನಿನಲ್ಲಿ ನೆಟ್ಟರೆ ಆ 20 ದಿನಗಳು ನೇರ ಜುಲೈ ಮಳೆಗೆ ಸಿಕ್ಕಿಕೊಳ್ಳುತ್ತವೆ. ಮೋಡದ ಬೆಳಕಿನಲ್ಲಿ ಎಲೆ ಬೆಳೆಯುತ್ತದೆ, ಗೆಡ್ಡೆಗೆ ಇಳಿಸುವಷ್ಟು ಸಕ್ಕರೆ ಆಗುವುದಿಲ್ಲ.

ಕೊಡಗಿನ ಪಶ್ಚಿಮ ಭಾಗಕ್ಕೆ (ಗಾಳಿಬೀಡು, ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಗೆ) ಹೊಂದುವ ಕಾಲ ಎರಡು. ಒಂದು, ಕೈಲ್ ಮುಹೂರ್ತ ಮುಗಿದು ಉತ್ತರೆ ಮಳೆ ಹಿಡಿತ ಸಡಿಲಿಸಿದಾಗ, ಎಂದರೆ ಸೆಪ್ಟೆಂಬರ್ ಎರಡನೇ ವಾರದಿಂದ ತಿಂಗಳ ಕೊನೆಯೊಳಗೆ. ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ನೀರು ಹಾಕುವ ಕೆಲಸವೂ ಕಡಿಮೆ. ತುಲಾ ಸಂಕ್ರಮಣದ ಹೊತ್ತಿಗೆ ಬಳ್ಳಿ ಚೆನ್ನಾಗಿ ಬೇರೂರಿ ಗೆಡ್ಡೆ ಕಟ್ಟಲು ಶುರುಮಾಡಿರಬೇಕು. ಅಕ್ಟೋಬರ್ ಕೊನೆಗೆ ನೆಟ್ಟರೆ ತಡವಾಯಿತೆಂದೇ ಲೆಕ್ಕ. ಎಳೆ ಬಳ್ಳಿ ಡಿಸೆಂಬರಿನ ರಾತ್ರಿಗಳಿಗೆ ಸಿಕ್ಕಿ ನಿಂತಲ್ಲೇ ನಿಲ್ಲುತ್ತದೆ. ಗೆಣಸಿಗೆ ಇಷ್ಟವಾದ ಸರಾಸರಿ ಉಷ್ಣತೆ 24 ಡಿಗ್ರಿ ಆಸುಪಾಸು. 15ಕ್ಕಿಂತ ಕೆಳಗೆ ಅದು ಬೆಳೆಯುವುದನ್ನೇ ಮರೆಯುತ್ತದೆ, 10ರ ಕೆಳಗೆ ಎಲೆಗೇ ಪೆಟ್ಟು. ಆದ್ದರಿಂದ ಬಯಲಿನಲ್ಲಿ 105 ದಿನಕ್ಕೆ ಬರುವ ತಳಿ ಮಡಿಕೇರಿ ಎತ್ತರದಲ್ಲಿ 125ರಿಂದ 140 ದಿನ ತೆಗೆದುಕೊಂಡರೆ ಗಾಬರಿಯಾಗಬೇಡಿ. ಜನವರಿ ಕೊನೆಯಿಂದ ಶಿವರಾತ್ರಿಯೊಳಗೆ ಕೀಳಬಹುದು.

ಎರಡನೆಯದು, ನೀರಿನ ಅನುಕೂಲ ಇದ್ದವರಿಗೆ ಮಾತ್ರ: ಫೆಬ್ರವರಿ ಮೊದಲ ಹದಿನೈದು ದಿನದಲ್ಲಿ ನೆಟ್ಟು ಮೇ ಕೊನೆಯೊಳಗೆ ಕೀಳುವುದು. ಇದಕ್ಕೆ 90ರಿಂದ 105 ದಿನದ ತಳಿಯೇ ಆಗಬೇಕು. ಮುಂಗಾರು ಶುರುವಾದ ಮೇಲೂ ಗೆಡ್ಡೆ ಮಣ್ಣಿನಲ್ಲಿದ್ದರೆ ಹತ್ತೇ ದಿನದಲ್ಲಿ ಕೊಳೆಯಲು ಸಾಕು.

ಕುಶಾಲನಗರ, ಹೆಬ್ಬಾಲೆ ಕಡೆಯವರಿಗೆ ಈ ಕಟ್ಟುಪಾಡಿಲ್ಲ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಜೂನ್-ಜುಲೈಯಲ್ಲೇ ನೆಡಬಹುದು.

ಪ್ರಶ್ನೆ: ಮನೆ ಪಕ್ಕ ಇಳಿಜಾರಿನಲ್ಲಿ ಸ್ವಲ್ಪ ಜಾಗ ಇದೆ. ಮಣ್ಣು ಹದ ಮಾಡುವುದರಿಂದ ನೆಡುವವರೆಗೆ ಕ್ರಮವಾಗಿ ತಿಳಿಸುವಿರಾ? (ಸೋಮವಾರಪೇಟೆ)

ಉತ್ತರ: ಮೊದಲು ನೆರಳು ನೋಡಿ. ಕಾಫಿಗೆ ಒಪ್ಪುವ ನೆರಳು ಗೆಣಸಿಗೆ ಒಪ್ಪುವುದಿಲ್ಲ. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೀಳದ ಜಾಗದಲ್ಲಿ ಸೊಪ್ಪು ಬೆಳೆಯುತ್ತದೆಯೇ ಹೊರತು ಗೆಣಸಲ್ಲ. ಸಿಲ್ವರ್ ಮರದ ಸಾಲಿನ ಕೆಳಗಿನ ಜಾಗ ಬೇಡವೇ ಬೇಡ. ಕಾಫಿ ಕಣದ ಅಂಚು, ಮನೆಯ ದಕ್ಷಿಣ ಗೋಡೆಯ ಮುಂದಿನ ಜಾಗ ಒಳ್ಳೆಯವು. ಹಗಲಿನ ಬಿಸಿಯನ್ನು ಕಲ್ಲು, ಸಿಮೆಂಟು ರಾತ್ರಿಗೂ ಸ್ವಲ್ಪ ಉಳಿಸಿಕೊಡುತ್ತವೆ. ಇಳಿಜಾರು ಇರುವುದೂ ಒಳ್ಳೆಯದೇ. ರಾತ್ರಿ ತಣ್ಣನೆಯ ಗಾಳಿ ಜಾರಿಕೊಂಡು ಕೆಳಗಿನ ಗದ್ದೆಗೆ ಹೋಗಿ ಕೂರುತ್ತದೆ, ಮೇಲಿನ ಓರೆ ಅಷ್ಟರಮಟ್ಟಿಗೆ ಬೆಚ್ಚಗೆ.

ನೆಡುವ ಮೂರು ವಾರ ಮೊದಲು ಒಂದಡಿ ಆಳಕ್ಕೆ ಅಗೆದು, ಬೇರು ಕಲ್ಲು ಆರಿಸಿ. ನಮ್ಮ ಮಣ್ಣು ಸಾಮಾನ್ಯವಾಗಿ ಹುಳಿ. ಗೆಣಸು ಸ್ವಲ್ಪ ಹುಳಿ ತಡೆಯುತ್ತದೆ, ರಸಸಾರ 5.5ರಿಂದ 6.5 ಇದ್ದರೆ ಸಾಕು. ಮಣ್ಣು ಪರೀಕ್ಷೆ ಮಾಡಿಸಿಲ್ಲದಿದ್ದರೆ, ಇತ್ತೀಚೆಗೆ ಸುಣ್ಣ ಕಾಣದ ಜಾಗಕ್ಕೆ ಒಂದೂವರೆ ಕೆ.ಜಿ. ಡೋಲೊಮೈಟ್ ಸುಣ್ಣ ಬೆರೆಸಿ. ಒಲೆಯ ಬೂದಿ ಹಾಕುವವರು ಸುಣ್ಣವನ್ನು ಅಷ್ಟೇ ಕಡಿಮೆ ಮಾಡಿ, ಏಕೆಂದರೆ ಬೂದಿಯೂ ಹುಳಿ ಮುರಿಯುತ್ತದೆ. ನೆಡುವ ವಾರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 15ರಿಂದ 20 ಕೆ.ಜಿ. ಸೇರಿಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳುವನ್ನು ಕರೆದು ಮಣೆ ಹಾಕಿದಂತೆ. ಪಲ್ಪರಿನಿಂದ (ಕಾಫಿ ಹಣ್ಣು ಸುಲಿಯುವ ಯಂತ್ರ) ಬಂದ ಹಸಿ ಕಾಫಿ ಸಿಪ್ಪೆಯೂ ಹಾಗೆಯೇ. ಕಪ್ಪಗೆ ಪುಡಿಯಾಗುವಷ್ಟು ಕೊಳೆತ ಮೇಲಷ್ಟೇ ಅದು ಗೊಬ್ಬರ.

ರಾಸಾಯನಿಕ ಗೊಬ್ಬರ ಬಳಸುವವರಿಗೆ: ನೆಡುವಾಗ 250 ಗ್ರಾಂ ಸೂಪರ್ ಫಾಸ್ಫೇಟ್, 120 ಗ್ರಾಂ ಪೊಟ್ಯಾಷ್, 60 ಗ್ರಾಂ ಯೂರಿಯಾ. ಐದನೇ ವಾರದಲ್ಲಿ ಇನ್ನೊಂದು 60 ಗ್ರಾಂ ಯೂರಿಯಾ, ಅಷ್ಟೇ. ಬಳ್ಳಿ ಸಪ್ಪಗೆ ಕಂಡಿತೆಂದು ಮತ್ತೊಂದು ಹಿಡಿ ಎರಚುವ ಚಪಲ ಬೇಡ. ಗೆಡ್ಡೆ ತುಂಬುವುದು ಪೊಟ್ಯಾಷಿನಿಂದ, ಯೂರಿಯಾದಿಂದಲ್ಲ.

ಆಮೇಲೆ ಏರುಸಾಲು. ಸಾಲಿನಿಂದ ಸಾಲಿಗೆ ಎರಡು ಅಡಿ, ಎತ್ತರ ಒಂದಡಿ. ಮಳೆ ಇನ್ನೂ ಬಿಡದ ಊರಾದರೆ ಒಂದೂವರೆ ಅಡಿ. ಸಾಲು ಇಳಿಜಾರಿಗೆ ಅಡ್ಡವಾಗಿರಲಿ, ಆದರೆ ಒಂದು ತುದಿ ಕೊಂಚ ತಗ್ಗಿರಲಿ. ಪೂರ್ತಿ ಸಮಮಟ್ಟ ಮಾಡಿದರೆ ಸಾಲಿನ ನಡುವೆ ನೀರು ನಿಲ್ಲುತ್ತದೆ. ಇಳಿಜಾರಿನ ಉದ್ದಕ್ಕೇ ಎಳೆದರೆ ಒಂದೇ ಮಳೆಗೆ ಸಾಲು ಕೊಚ್ಚಿ ಹೋಗುತ್ತದೆ.

ನಾಟಿಗೆ ಬಳ್ಳಿಯ ತುದಿಯ ತುಂಡೇ ಶ್ರೇಷ್ಠ. ಬುಡದ ಕಡೆಯದು ಬಲಿತಿರುತ್ತದೆ, ತಡವಾಗಿ ಚಿಗುರುತ್ತದೆ, ಮೂತಿಹುಳುವಿನ (ಗೆಡ್ಡೆ ಕೊರೆಯುವ ದುಂಬಿ) ಮೊಟ್ಟೆ ಇರುವುದೂ ಅಲ್ಲೇ. ತುಂಡು 8ರಿಂದ 12 ಅಂಗುಲ ಉದ್ದ, ನಾಲ್ಕೈದು ಗೆಣ್ಣು ಇರಬೇಕು. ಕತ್ತರಿಸಿದ ಕೂಡಲೇ ನೆಡಬೇಡಿ. ಎಲೆ ಸಮೇತ ಕಂತೆ ಕಟ್ಟಿ, ನೆರಳಿನಲ್ಲಿ ಎರಡು ದಿನ ಇಡಿ. ಒಣಗದಂತೆ ಒದ್ದೆ ಗೋಣಿ ಹೊದಿಸಿ. ಗೆಣ್ಣುಗಳಲ್ಲಿ ಬೇರಿನ ಬಿಳಿ ಮೊನೆ ಏಳುತ್ತದೆ, ಮಣ್ಣಿಗೆ ಇಟ್ಟ ಕೂಡಲೇ ಹಿಡಿದುಕೊಳ್ಳುತ್ತದೆ.

ನೆಡುವಾಗ ಏರಿನ ನೆತ್ತಿಯಲ್ಲಿ ಕೈಯಿಂದಲೇ ಮೂರು ಅಂಗುಲ ಆಳದ ಗೀರು ಎಳೆಯಿರಿ. ಮಣ್ಣಿನೊಳಗೆ ಹೋಗುವ ಎರಡು-ಮೂರು ಗೆಣ್ಣಿನ ಎಲೆ ತೆಗೆಯಿರಿ. ತೊಟ್ಟು ಎಳೆದು ಸಿಪ್ಪೆ ಸುಲಿಯಬೇಡಿ, ಉಗುರಿನಿಂದ ಚಿವುಟಿ. ತುಂಡನ್ನು ನೆಟ್ಟಗೆ ಕಡ್ಡಿಯಂತೆ ಚುಚ್ಚದೆ ಓರೆಯಾಗಿ ಮಲಗಿಸಿ, ಕುಡಿಯ ಎರಡು ಗೆಣ್ಣು ಹೊರಗೆ ಉಳಿಯುವಂತೆ ಮಣ್ಣು ಎಳೆದು ಅಂಗೈಯಿಂದ ಒತ್ತಿ. ಮಲಗಿಸಿ ನೆಟ್ಟರೆ ಪ್ರತಿ ಗೆಣ್ಣೂ ಒಂದೇ ಆಳದಲ್ಲಿದ್ದು ಗೆಡ್ಡೆಗಳು ಹಂಚಿಕೊಂಡು ಬೆಳೆಯುತ್ತವೆ. ನೆಟ್ಟಗೆ ಚುಚ್ಚಿದ್ದು ಒಂದೋ ಎರಡೋ ದಪ್ಪ ಗೆಡ್ಡೆ ಕೊಟ್ಟು ಸುಮ್ಮನಾಗುತ್ತದೆ. ಗಿಡದಿಂದ ಗಿಡಕ್ಕೆ 8 ಅಂಗುಲ. ಈ ಲೆಕ್ಕಕ್ಕೆ 75 ತುಂಡು ಬೇಕು, ಸತ್ತಲ್ಲಿ ತುಂಬಲು ಇನ್ನೊಂದು ಹತ್ತು ಕೈಲಿರಲಿ.

ಮಳೆ ಇಲ್ಲದಿದ್ದರೆ ಮೊದಲ ವಾರ ದಿನವೂ ಸ್ವಲ್ಪ ಸ್ವಲ್ಪ ನೀರು, ಆಮೇಲೆ ಎಂಟು-ಹತ್ತು ದಿನಕ್ಕೊಮ್ಮೆ. ಎರಡನೇ ವಾರ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸಿ, ಐದನೇ ವಾರ ಇನ್ನೊಮ್ಮೆ. ನಂತರ ಬಳ್ಳಿಯೇ ನೆಲ ಮುಚ್ಚುತ್ತದೆ. ಸರಿಯಾಗಿ ಬಂದರೆ 10ರಿಂದ 15 ಕೆ.ಜಿ. ಗೆಣಸು ಸಿಗಬಹುದು.

ಪ್ರಶ್ನೆ: ಬಳ್ಳಿ ಎಲ್ಲಿಂದ ತರುವುದು? ಅಂಗಡಿಯ ಗೆಣಸನ್ನೇ ಮೊಳಕೆ ಬರಿಸಬಹುದೇ? (ನಾಪೋಕ್ಲು)

ಉತ್ತರ: ಬರಿಸಬಹುದು. 125ರಿಂದ 150 ಗ್ರಾಂ ತೂಗುವ, ಗಾಯವಿಲ್ಲದ, ತೂತಿಲ್ಲದ ಗೆಣಸು ಆರಿಸಿ. ಮಣ್ಣು-ಮರಳು ಅರ್ಧರ್ಧ ತುಂಬಿದ ಹಳೆಯ ಬಕೆಟಿನಲ್ಲೋ ಕ್ರೇಟಿನಲ್ಲೋ ಅಡ್ಡಕ್ಕೆ ಮಲಗಿಸಿ ಎರಡು ಅಂಗುಲ ಮುಚ್ಚಿ. ತಳದಲ್ಲಿ ತೂತು ಇರಲೇಬೇಕು. ಮೊಳಕೆಗೆ 25 ಡಿಗ್ರಿಗೆ ಮೇಲೆ ಬೆಚ್ಚನೆ ಬೇಕು, ನಮ್ಮ ಜೂನಿನ ಥಂಡಿಯಲ್ಲಿ ಬಯಲಲ್ಲಿಟ್ಟರೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಬಚ್ಚಲ ಒಲೆಯ ಗೋಡೆಗೆ ಒತ್ತಿ, ಮಳೆ ಬೀಳದ ಕಡೆ ಇಡಿ. ಮೊಳಕೆ ಕಂಡ ಕೂಡಲೇ ಬೆಳಕಿಗೆ ತನ್ನಿ. ಜೂನ್ ಮೊದಲ ವಾರ ಇಟ್ಟರೆ ಆಗಸ್ಟಿಗೆ ಬಳ್ಳಿ ಕೊಯ್ಲಿಗೆ ಬರುತ್ತದೆ. ಕತ್ತರಿಸುವಾಗ ಮಣ್ಣಿನಿಂದ ಒಂದೆರಡು ಅಂಗುಲ ಮೇಲೆ ಕತ್ತರಿಸಿ. ತಾಯಿಗೆಡ್ಡೆಯ ರೋಗ ಬಳ್ಳಿಯ ಜೊತೆ ಹೊಸ ಮಡಿಗೆ ಬರುವುದು ಆಗ ಬಹಳಷ್ಟು ತಪ್ಪುತ್ತದೆ. ಮೂರು ಗೆಣಸಿನಿಂದ 75 ತುಂಡು ಒಂದೇ ಏಟಿಗೆ ಬರದು. ಮೊದಲ ಬಳ್ಳಿಗಳನ್ನು ಚೀಲದಲ್ಲಿ ಮತ್ತೆ ನೆಟ್ಟು ಹೆಚ್ಚಿಸಿಕೊಳ್ಳಿ.

ಒಮ್ಮೆ ಬಳ್ಳಿ ಮನೆಗೆ ಬಂದ ಮೇಲೆ ಅದನ್ನು ಕಳೆದುಕೊಳ್ಳದಿರುವುದು ಜಾಣತನ. ಫೆಬ್ರವರಿಯಲ್ಲಿ ಕಿತ್ತು ಸೆಪ್ಟೆಂಬರಿಗೆ ನೆಡುವ ನಡುವೆ ಏಳು ತಿಂಗಳ ಅಂತರವಿದೆ. ಕೀಳುವ ದಿನವೇ ಹತ್ತು-ಹನ್ನೆರಡು ಒಳ್ಳೆಯ ಕುಡಿ ತೆಗೆದು ನಾಲ್ಕು ಚೀಲದಲ್ಲಿ ನೆಟ್ಟು, ಮಳೆಗಾಲದಲ್ಲಿ ಅವನ್ನು ಮಾಡಿನ ಅಂಚಿಗೆ, ಬೆಳಕು ಬರುವ ಆದರೆ ಹನಿ ಬೀಳದ ಕಡೆಗೆ ಸರಿಸಿಡಿ. ಎಲೆಯಲ್ಲಿ ಹಳದಿ ಚುಕ್ಕೆ ಗೀರುಗಳಿದ್ದು ಮುದುಡಿಕೊಂಡ ಬಳ್ಳಿಯನ್ನು ತಾಯಿಬಳ್ಳಿಯಾಗಿ ಇಟ್ಟುಕೊಳ್ಳಬೇಡಿ. ಅದು ನಂಜುರೋಗ, ತುಂಡಿನ ಜೊತೆಗೇ ಸಾಗುತ್ತದೆ.

ತಳಿಯ ಬಗ್ಗೆ: ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಶ್ರೀ ಅರುಣ್, ಶ್ರೀ ವರುಣ್, ಶ್ರೀ ಭದ್ರ ಬೇಗ ಬರುವವು, ಸುಮಾರು 90ರಿಂದ 100 ದಿನ. ಕೇಸರಿ ತಿರುಳಿನದು ಬೇಕಾದವರು ಶ್ರೀ ಕನಕ ಅಥವಾ ಭೂ ಸೋನಾ, ನೇರಳೆ ಬೇಕಾದವರು ಭೂ ಕೃಷ್ಣ ಹುಡುಕಬಹುದು. ಚಳಿ ಊರಿಗೆ ಬೇಗ ಬರುವ ತಳಿಯೇ ಮೇಲು, ಬಣ್ಣ ಆಮೇಲೆ.

ಪ್ರಶ್ನೆ: ಶುಂಠಿ ಕಿತ್ತ ಪಾತಿ ಖಾಲಿ ಇತ್ತು. ಮಣ್ಣು ಹಿಟ್ಟಿನಂತಿದೆ ಎಂದು ಅದರಲ್ಲೇ ಗೆಣಸು ನೆಟ್ಟೆವು. ಬಳ್ಳಿ ಬೇಲಿ ದಾಟಿತು, ಗೆಡ್ಡೆ ಇಲ್ಲ. ಮಣ್ಣಿನಲ್ಲಿ ಏನು ಕೊರತೆ? (ಮಾದಾಪುರ)

ಉತ್ತರ: ಕೊರತೆಯಲ್ಲ, ಅಜೀರ್ಣ. ಶುಂಠಿಗೆ ಸುರಿದ ಗೊಬ್ಬರದಲ್ಲಿ ಸಾರಜನಕ ಬೇಕಾದಷ್ಟು ಉಳಿದಿರುತ್ತದೆ. ಸಾರಜನಕ ಹೆಚ್ಚಾದ ಬಳ್ಳಿ ಮೇಲೆ ಮೇಲೆ ಕುಡಿ ಬಿಡುತ್ತಲೇ ಇರುತ್ತದೆ, ಕೆಳಗೆ ಏನನ್ನೂ ಇಳಿಸುವುದಿಲ್ಲ. ಅದೇ ಪಾತಿಯಲ್ಲಿ ನೆಡುವುದಾದರೆ ಕೊಟ್ಟಿಗೆ ಗೊಬ್ಬರವೂ ಬೇಡ, ಯೂರಿಯಾವೂ ಬೇಡ. 120 ಗ್ರಾಂ ಪೊಟ್ಯಾಷ್ ಮಾತ್ರ ಕೊಡಿ. ನಡುವೆ ಒಂದು ಸಲ ಜೋಳವನ್ನೋ ಸೊಪ್ಪನ್ನೋ ಬೆಳೆದು ತೆಗೆದರೆ ಇನ್ನೂ ಒಳ್ಳೆಯದು. ಶುಂಠಿಯ ಬೇರಿನಲ್ಲಿ ಗಂಟು ಕಂಡಿದ್ದರೆ ಅದು ಜಂತುಹುಳು. ಅಂಥ ಪಾತಿಗೆ ಜಂತುಹುಳು ತಡೆಯುವ ಶ್ರೀ ಭದ್ರ ತಳಿ ಹೊಂದುತ್ತದೆ.

ಇನ್ನೊಂದು ಅಭ್ಯಾಸವೂ ಗೆಡ್ಡೆ ಕಡಿಮೆ ಮಾಡುತ್ತದೆ. ಹಬ್ಬಿದ ಬಳ್ಳಿ ಹಸಿ ನೆಲದಲ್ಲಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಅಲ್ಲಲ್ಲಿ ಪುಡಿಗೆಡ್ಡೆ ಕಟ್ಟುತ್ತದೆ. ಮಳೆ ಇರುವಾಗ ಎರಡು ವಾರಕ್ಕೊಮ್ಮೆ ಬಳ್ಳಿಯನ್ನು ಮೆಲ್ಲನೆ ಎತ್ತಿ ಆ ಬೇರು ಬಿಡಿಸಿ, ಇದ್ದ ಕಡೆಗೇ ಇಳಿಸಿ. ಮಗುಚಿ ಹಾಕಬೇಡಿ. ತಲೆಕೆಳಗಾದ ಎಲೆಗಳು ಮತ್ತೆ ಬೆಳಕಿಗೆ ತಿರುಗುವಷ್ಟರಲ್ಲಿ ವಾರ ಕಳೆಯುತ್ತದೆ.

ಪ್ರಶ್ನೆ: ಫೆಬ್ರವರಿಯಲ್ಲಿ ನೆಟ್ಟು, ಕಾಫಿ ಗಿಡಕ್ಕೆ ಮಾಡುವಂತೆ ದಪ್ಪಗೆ ದರಗು (ಒಣ ಎಲೆ) ಹೊದಿಸಿದೆ. ಒಂದು ತಿಂಗಳಾದರೂ ಬಳ್ಳಿ ಕದಲಿಲ್ಲ. (ಮಡಿಕೇರಿ)

ಉತ್ತರ: ದರಗು ಮಣ್ಣನ್ನು ತಂಪಾಗಿಡುತ್ತದೆ. ಕಾಫಿಗೆ ಬೇಕಾದ್ದು ಅದೇ, ಗೆಣಸಿಗೆ ಫೆಬ್ರವರಿಯಲ್ಲಿ ಬೇಡವಾದದ್ದೂ ಅದೇ. ಹೊದಿಕೆ ಸರಿಸಿ ಮಣ್ಣಿಗೆ ಬಿಸಿಲು ಬೀಳಲು ಬಿಡಿ. ಮಾರ್ಚ್ ಕೊನೆಗೆ, ಬಿಸಿಲು ಏರಿದ ಮೇಲೆ, ತೆಳ್ಳಗೆ ಹೊದಿಸಿದರೆ ಸಾಕು. ಮುಂದಿನ ಸಲ ಮೆಣಸಿನಕಾಯಿ ಪಾತಿಗೆ ಬಳಸುವ ಕಪ್ಪು ಮಲ್ಚಿಂಗ್ ಶೀಟನ್ನು ನೆಡುವ ಹತ್ತು ದಿನ ಮೊದಲೇ ಏರುಸಾಲಿನ ಮೇಲೆ ಬಿಗಿಯಾಗಿ ಎಳೆದು ಅಂಚಿಗೆ ಮಣ್ಣು ಹಾಕಿ. ಬೆಳ್ಳಿ-ಕಪ್ಪು ಶೀಟಾದರೆ ಕಪ್ಪು ಮುಖ ಮೇಲಕ್ಕೆ ಬರಲಿ. ಶೀಟು ಸಡಿಲವಾಗಿ ಎದ್ದಿದ್ದರೆ ಬಿಸಿ ಮಣ್ಣಿಗೆ ಇಳಿಯುವುದಿಲ್ಲ. 8 ಅಂಗುಲಕ್ಕೊಂದು ಅಡ್ಡಸೀಳು ಕೊಟ್ಟು ಅದರಲ್ಲಿ ತುಂಡು ತೂರಿಸಿ ನೆಡಿ. ಸೆಪ್ಟೆಂಬರ್ ನಾಟಿಗೆ ಶೀಟಿನ ಖರ್ಚು ದಂಡ.

ಪ್ರಶ್ನೆ: ಪೇಟೆಯಲ್ಲಿ ಮನೆ, ತಾರಸಿ ಬಿಟ್ಟರೆ ಮಣ್ಣಿಲ್ಲ. ಚೀಲದಲ್ಲಿ ಆಗುತ್ತದೆಯೇ? (ಮಡಿಕೇರಿ)

ಉತ್ತರ: ಆಗುತ್ತದೆ, 40 ಲೀಟರಿಗೆ ಕಡಿಮೆಯಿಲ್ಲದ ಚೀಲವಾದರೆ. 25 ಕೆ.ಜಿ. ಅಕ್ಕಿಚೀಲ ಒಂದು ಋತುವಿಗೆ ಬಾಳಿಕೆ ಬರುತ್ತದೆ. ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು. ಚೀಲಕ್ಕೆ ಎರಡು ತುಂಡು, ಮೂರನೆಯದು ಆಸೆಗೆ ಮಾತ್ರ. ತಳದಿಂದ ಎರಡು ಅಂಗುಲ ಮೇಲೆ ಸುತ್ತಲೂ ತೂತು ಮಾಡಿ, ಇಟ್ಟಿಗೆಯ ಮೇಲೆ ಇಡಿ. ತಾರಸಿಯ ಲಾಭವೆಂದರೆ ಚೀಲ ಹಗಲು ಬೇಗ ಬಿಸಿಯಾಗುತ್ತದೆ. ನಷ್ಟವೆಂದರೆ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬೇಕು.

ಪ್ರಶ್ನೆ: ನವೆಂಬರಿನಲ್ಲಿ ಬಳ್ಳಿ ತುಂಬ ನೇರಳೆ ಹೂ. ಕಿತ್ತು ಹಾಕಬೇಕೇ? (ಚೆಟ್ಟಳ್ಳಿ)

ಉತ್ತರ: ಬೇಡ. ಹಗಲು ಚಿಕ್ಕದಾದಾಗ ಕೆಲವು ತಳಿ ಹೂಬಿಡುತ್ತವೆ. ಗೆಡ್ಡೆಗೆ ಅದರಿಂದ ತೊಂದರೆಯಿಲ್ಲ.

ಪ್ರಶ್ನೆ: ಮೇಲೆ ಚೆನ್ನಾಗಿ ಕಾಣುವ ಗೆಣಸು, ಬೇಯಿಸಿದರೆ ಕಹಿ, ಒಂಥರಾ ಘಾಟು. ಕತ್ತರಿಸಿದರೆ ಒಳಗೆ ಕಪ್ಪು ದಾರಿ. ಯಾವ ಔಷಧ ಹೊಡೆಯಬೇಕು? (ಕುಶಾಲನಗರ)

ಉತ್ತರ: ಇದು ಗೆಣಸಿನ ಮೂತಿಹುಳು. ಒಳಗೆ ಹೊಕ್ಕ ಮೇಲೆ ಯಾವ ಔಷಧವೂ ಮುಟ್ಟುವುದಿಲ್ಲ, ಆದ್ದರಿಂದ ಹೊಡೆಯುವ ಮಾತು ಬಿಡಿ. ದುಂಬಿಯನ್ನು ಗುರುತಿಸಲು ಕಲಿಯಿರಿ: ದೊಡ್ಡ ಇರುವೆಯಷ್ಟಿರುತ್ತದೆ, ಇರುವೆಯೆಂದೇ ಮೋಸಹೋಗುವಂತಿರುತ್ತದೆ. ಮೈ ನೀಲಿಗಪ್ಪು, ಕುತ್ತಿಗೆ ಮತ್ತು ಕಾಲು ಕೆಂಪು, ಮುಂದೆ ಉದ್ದನೆಯ ಮೂತಿ. ಮುಟ್ಟಿದರೆ ಸತ್ತಂತೆ ಬೀಳುತ್ತದೆ. ಗೆಡ್ಡೆ ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಕಪ್ಪು ದಾರಿಯಲ್ಲಿ ಪುಡಿ ಹಿಕ್ಕೆ ತುಂಬಿರುತ್ತದೆ, ತುದಿಯಲ್ಲಿ ಕಾಲಿಲ್ಲದ ಬಿಳಿ ಮರಿ. ಕಹಿಯೂ ಘಾಟೂ ಹುಳುವಿನದಲ್ಲ, ಹುಳು ಕಡಿದಾಗ ಗೆಣಸೇ ತನ್ನ ರಕ್ಷಣೆಗೆ ಸುರಿಸುವ ವಿಷದ್ದು. ಬೇಯಿಸಿದರೂ ಅದು ಹೋಗುವುದಿಲ್ಲ. ಹುಳು ಹೊಡೆದ ಭಾಗ ಕೊಯ್ದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ, ದನಕ್ಕೂ ಹಾಕಬೇಡಿ.

ಈ ದುಂಬಿಗೆ ಮಣ್ಣು ಅಗೆಯಲು ಬರುವುದಿಲ್ಲ. ಮಣ್ಣು ಬಿರುಕು ಬಿಟ್ಟಾಗ ಆ ಸಂದಿಯಲ್ಲಿ ಇಳಿದು ಗೆಡ್ಡೆಗೆ ಮೊಟ್ಟೆ ಇಡುತ್ತದೆ, ಇಲ್ಲವೇ ಬಳ್ಳಿಯ ಬುಡದಿಂದ ಕೊರೆದುಕೊಂಡು ಹೋಗುತ್ತದೆ. ಹಾಗಾಗಿ ಉಪಾಯವೆಲ್ಲ ಬಿರುಕಿನಲ್ಲೇ ಇದೆ. ಒಣ ಹವೆಯ ನಿಮ್ಮ ಊರಿನಲ್ಲಿ ಎರಡನೇ ತಿಂಗಳ ನಂತರ ವಾರಕ್ಕೊಮ್ಮೆ ಸಾಲಿನ ಉದ್ದಕ್ಕೂ ನೋಡಿ. ಬಿರುಕು ಕಂಡಲ್ಲಿ ಮಣ್ಣೆಳೆದು ಮುಚ್ಚಿ, ನೀರು ಬಿಡಿ. ಬೇಲಿಯಲ್ಲಿ ಹಬ್ಬಿದ ಗೆಣಸಿನ ಜಾತಿಯ ಕಾಡುಬಳ್ಳಿಗಳಿದ್ದರೆ ಕಿತ್ತು ಹಾಕಿ, ಬೆಳೆಯಿಲ್ಲದ ಕಾಲದಲ್ಲಿ ಅದು ಬದುಕುವುದು ಅವುಗಳ ಮೇಲೆ. ಬಲಿತ ಮೇಲೆ ‘ಇರಲಿ, ಬೇಕಾದಾಗ ಕಿತ್ತುಕೊಂಡರಾಯಿತು’ ಎಂದು ನೆಲದಲ್ಲೇ ಬಿಡುವುದು ದುಂಬಿಗೆ ಕೊಡುವ ಔತಣ. ಕಿತ್ತ ಮೇಲೆ ಚೂರುಪಾರು ಗೆಡ್ಡೆ, ಬುಡ ಎಲ್ಲ ಆಯ್ದು ಸುಡಿ. ಹೆಣ್ಣು ದುಂಬಿಯ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆ ಸಿಗುತ್ತದೆ, ಮನೆ ಹಿತ್ತಲಿಗೆ ಒಂದು ಸಾಕು. ಆದರೆ ಅದಕ್ಕೆ ಬೀಳುವುದು ಗಂಡು ದುಂಬಿ ಮಾತ್ರ, ಅದೊಂದನ್ನೇ ನಂಬಿ ಕೂರುವಂತಿಲ್ಲ.

ಮುಂದಿನ ವರ್ಷ ಅದೇ ಜಾಗದಲ್ಲಿ ಗೆಣಸು ಬೇಡ.

ಪ್ರಶ್ನೆ: ಹುತ್ತರಿಗೆ ಬೇಯಿಸುವ ಗೆಣಸನ್ನೂ ಹೀಗೇ ಬಳ್ಳಿ ತುಂಡಿನಿಂದ ನೆಡಬಹುದೇ? (ಪೊನ್ನಂಪೇಟೆ)

ಉತ್ತರ: ಹೆಸರು ಒಂದೇ, ಗಿಡ ಬೇರೆ. ಸಿಹಿಗೆಣಸು ಐಪೋಮಿಯ ಕುಲದ್ದು, ನೆಲದ ಮೇಲೆ ಹಬ್ಬುತ್ತದೆ. ಹುತ್ತರಿ ಗೆಣಸು ಡಯೋಸ್ಕೋರಿಯ, ಮರ ಅಥವಾ ಗೂಟ ಹತ್ತುತ್ತದೆ. ಅದನ್ನು ನೆಡುವುದು ಗೆಡ್ಡೆಯ ಹೋಳಿನಿಂದ. ಸಿಪ್ಪೆ ಸಮೇತ 200ರಿಂದ 250 ಗ್ರಾಂ ಹೋಳು ಮಾಡಿ, ಕತ್ತರಿಸಿದ ಮುಖಕ್ಕೆ ಬೂದಿ ಸವರಿ, ನೆರಳಲ್ಲಿ ಒಂದು ದಿನ ಆರಿಸಿ. ಮಾರ್ಚ್-ಏಪ್ರಿಲ್‌ನಲ್ಲಿ ಒಂದೂವರೆ ಅಡಿ ಗುಂಡಿಗೆ ಗೊಬ್ಬರ-ಮೇಲ್ಮಣ್ಣು ತುಂಬಿ ಗುಡ್ಡೆ ಮಾಡಿ ನೆಡಿ. ಎಂಟು-ಒಂಬತ್ತು ತಿಂಗಳಿಗೆ ಬಲಿಯುತ್ತದೆ, ಹುತ್ತರಿಯ ಹುಣ್ಣಿಮೆಗೆ ಸರಿಯಾಗಿ. ಗದ್ದೆಯಂಥ ತಗ್ಗಿನಲ್ಲಿ ಅದೂ ಕೊಳೆಯುತ್ತದೆ, ಮಳೆ ನೀರು ಇಳಿದುಹೋಗುವ ಓರೆಯೇ ಬೇಕು.

ಪ್ರಶ್ನೆ: ಭತ್ತ ಕೊಯ್ದ ಗದ್ದೆಯಲ್ಲಿ ಸಿಹಿಗೆಣಸು? (ಬಾಳೆಲೆ)

ಉತ್ತರ: ಒಳ್ಳೆಯದೇ. ನೀರು ನಿಂತ ಗದ್ದೆಯಲ್ಲಿ ಮೂತಿಹುಳು ಉಳಿಯುವುದಿಲ್ಲ, ಅಷ್ಟು ಲಾಭ. ಜಿಗುಟು ಮಣ್ಣಾದ್ದರಿಂದ ಗೆಡ್ಡೆ ಸೊಟ್ಟಸೊಟ್ಟ ಬರುತ್ತದೆ, ಮನೆ ಖರ್ಚಿಗೆ ಅದರಿಂದೇನೂ ಇಲ್ಲ. ಹದ ಒಣಗುವ ಮೊದಲು ಉತ್ತು ಹೆಂಟೆ ಒಡೆಯಿರಿ; ಒಣಗಿದ ಮೇಲೆ ಒಡೆಯುವುದು ಪಿಕಾಸಿಯ ಕೆಲಸ. ಅಂಚಿನ ಕಾಲುವೆ ಸರಿಮಾಡಿ, ಫೆಬ್ರವರಿ ಮೊದಲ ವಾರದೊಳಗೆ ನೆಟ್ಟು ಮೇ ಕೊನೆಗೆ ಖಾಲಿ ಮಾಡಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗೆ ನೀರು ತಪ್ಪಿಸಬೇಡಿ: ತಿಂಗಳುಗಟ್ಟಲೆ ಒಣಗಿದ್ದು ಒಮ್ಮೆಗೇ ಜೋರು ಮಳೆ ಕುಡಿದರೆ ಒಳಗೆ ತಿರುಳು ಉಬ್ಬಿ, ಸಿಪ್ಪೆ ಹಿಗ್ಗದೆ, ಗೆಡ್ಡೆ ಉದ್ದಕ್ಕೆ ಸೀಳುತ್ತದೆ.

ಪ್ರಶ್ನೆ: ಕಾಡುಹಂದಿ, ಮುಳ್ಳುಹಂದಿ ಕಾಟಕ್ಕೆ ಏನು ಮಾಡುವುದು? (ತಿತಿಮತಿ)

ಉತ್ತರ: ಬೆಳೆಯನ್ನು ಮನೆಗೆ, ನಾಯಿಗೆ ಹತ್ತಿರ ತನ್ನಿ. ಹಂದಿಗೆ ಮೂರಡಿ ಎತ್ತರದ ಬಿಗಿ ಜಾಲರಿ ಸಾಕು, ಬುಡಕ್ಕೆ ಕಲ್ಲು ಜೋಡಿಸಿ, ಅದು ಮೂತಿ ತೂರಿಸಿ ಎತ್ತುತ್ತದೆ. ಮುಳ್ಳುಹಂದಿ ತೋಡುವ ಪ್ರಾಣಿ, ಜಾಲರಿಯ ಒಂದಡಿ ಮಣ್ಣಿನೊಳಗೆ ಇಳಿದಿರಬೇಕು. ಬೇಲಿಗೆ ಮನೆಯ ಕರೆಂಟು ಹರಿಸುವುದು ಅಪರಾಧ, ಸಾಯುವುದು ಹಂದಿಯೇ ಆಗಬೇಕೆಂದಿಲ್ಲ. ಆನೆಯ ವಿಷಯಕ್ಕೆ ಈ ಪುಟದಲ್ಲಿ ಉತ್ತರವಿಲ್ಲ.

ಪ್ರಶ್ನೆ: ಗೆಣಸು ಚೆನ್ನಾಗಿ ಬಂತು, ಆದರೆ ಸಿಹಿಯೇ ಇಲ್ಲ. ಫ್ರಿಜ್ಜಿನಲ್ಲಿಟ್ಟದ್ದು ಬೆಂದರೂ ನಡುವೆ ಗಟ್ಟಿ. ತಳಿಯ ದೋಷವೇ? (ವಿರಾಜಪೇಟೆ)

ಉತ್ತರ: ಬಹುಶಃ ಅವಸರದ ದೋಷ. ಮೊದಲು ಬಲಿತಿತ್ತೇ ನೋಡಬೇಕು. ಬುಡದ ಎಲೆ ಹಳದಿಯಾದಾಗ ಒಂದು ಗೆಡ್ಡೆ ಕಿತ್ತು ಅಡ್ಡಕ್ಕೆ ಕತ್ತರಿಸಿ ಗಾಳಿಗೆ ಬಿಡಿ. ಕತ್ತರಿಸಿದ ಮುಖ ಬೆಳ್ಳಗೇ ಒಣಗಿದರೆ ಬಲಿತಿದೆ. ಕಪ್ಪು-ಹಸಿರು ಬಣ್ಣಕ್ಕೆ ತಿರುಗಿದರೆ ಇನ್ನೂ ಎರಡು ವಾರ ಬಿಡಿ. ಕೀಳುವ ಎರಡು-ಮೂರು ವಾರ ಮೊದಲೇ ನೀರು ನಿಲ್ಲಿಸಿ, ಮೂರು-ನಾಲ್ಕು ದಿನ ಮೊದಲು ಬಳ್ಳಿ ಕತ್ತರಿಸಿ. ಸಿಪ್ಪೆ ಗಟ್ಟಿಯಾಗುತ್ತದೆ, ಕೀಳುವಾಗ ಸುಲಿಯುವುದಿಲ್ಲ. ಬಳ್ಳಿ ಹಸುವಿಗೆ ಒಳ್ಳೆಯ ಮೇವು. ಅದಕ್ಕೆ ಮೊದಲೇ ಮೇವಿಗೆಂದು ಕೊಯ್ಯುತ್ತ ಹೋದರೆ ಗೆಡ್ಡೆ ಸಣ್ಣದಾಗುತ್ತದೆ. ಗುದ್ದಲಿಯನ್ನು ಸಾಲಿನ ಪಕ್ಕದಿಂದ, ಒಂದಡಿ ದೂರದಿಂದ ಹಾಕಿ.

ಹೊಸದಾಗಿ ಕಿತ್ತ ಗೆಣಸು ಯಾವ ತಳಿಯದಾದರೂ ಸಪ್ಪೆ. ಅದರಲ್ಲಿರುವುದು ಪಿಷ್ಟ, ಸಕ್ಕರೆಯಾಗಲು ದಿನ ಬೇಕು. ತೊಳೆಯದೆ, ಮಣ್ಣು ಮಾತ್ರ ಉದುರಿಸಿ, ಗಾಯವಾದದ್ದನ್ನು ಬೇರೆ ಮಾಡಿ, ಐದರಿಂದ ಏಳು ದಿನ 30 ಡಿಗ್ರಿ ಆಸುಪಾಸಿನ ತೇವದ ಬಿಸಿಯಲ್ಲಿ ಇಡಬೇಕು. ಸಣ್ಣ ಗಾಯಗಳ ಮೇಲೆ ಹೊಸ ಸಿಪ್ಪೆ ಕಟ್ಟುವುದೂ ಈ ದಿನಗಳಲ್ಲೇ. ಫೆಬ್ರವರಿಯ ವಿರಾಜಪೇಟೆಯಲ್ಲಿ ಅಷ್ಟು ಬಿಸಿ ರಾತ್ರಿ ಹೊತ್ತು ತಾನಾಗಿ ಸಿಗುವುದಿಲ್ಲ. ಕ್ರೇಟಿನಲ್ಲಿ ಜೋಡಿಸಿ, ಮೇಲೆ ಒದ್ದೆ ಮಾಡಿ ಹಿಂಡಿದ ಗೋಣಿ ಹೊದಿಸಿ, ಹಗಲು ಕಣದ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಡಿ. ಹಾಳೆಯ ಒಂದು ಮೂಲೆ ಗಾಳಿಗೆ ತೆರೆದಿರಲಿ, ಗೆಣಸಿಗೆ ನೇರ ಬಿಸಿಲು ತಾಗದಿರಲಿ. ಸಂಜೆ ಅಡಿಗೆ ಒಲೆಯ ಹತ್ತಿರ ಅಥವಾ ಬಚ್ಚಲ ಒಲೆಯ ಅಟ್ಟಕ್ಕೆ ಸೇರಿಸಿ. ಹಾಳೆಯ ಒಳಮುಖದಲ್ಲಿ ಹನಿ ಕಟ್ಟಿ ಗೆಡ್ಡೆಯ ಮೇಲೆ ತೊಟ್ಟಿಕ್ಕಿದರೆ ಕೊಳೆಯುತ್ತದೆ, ಗೋಣಿ ಇರುವುದು ಅದಕ್ಕೂ ಸೇರಿಯೇ.

ಆಮೇಲೆ ಇಡಬೇಕಾದ್ದು 13ರಿಂದ 15 ಡಿಗ್ರಿಯಲ್ಲಿ, ಗಾಳಿಯಾಡುವ ಕತ್ತಲಲ್ಲಿ. ಬಯಲುಸೀಮೆಯವರು ಇದಕ್ಕೆ ಪರದಾಡಬೇಕು, ನಮಗೆ ಚಳಿಗಾಲದಲ್ಲಿ ಮನೆಯ ಉತ್ತರದ ಕೋಣೆ ಅದರ ಹತ್ತಿರಕ್ಕೇ ಇರುತ್ತದೆ. ಫ್ರಿಜ್ಜಿನ ನಾಲ್ಕು ಡಿಗ್ರಿ ಗೆಣಸಿನ ಜೀವಕೋಶ ಕೆಡಿಸುತ್ತದೆ. ನಿಮಗೆ ಸಿಕ್ಕ ಆ ಬೇಯದ ಗಟ್ಟಿ ನಡು ಅದರದ್ದೇ. ಎರಡು-ಮೂರು ವಾರ ಕಳೆದು ತೆಗೆದು ನೋಡಿ, ರುಚಿ ಬೇರೆಯೇ ಆಗಿರುತ್ತದೆ.

ಬೇಯಿಸುವ ಬಗೆಯೂ ಲೆಕ್ಕಕ್ಕಿದೆ. ಗೆಡ್ಡೆಯ ಒಳಭಾಗ 60ರಿಂದ 75 ಡಿಗ್ರಿಯಲ್ಲಿ ಇರುವಷ್ಟು ಹೊತ್ತು ಅದರದೇ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತಿರುತ್ತದೆ. ಕುಕ್ಕರಿನಲ್ಲಿ ಆ ಹಂತ ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತದೆ. ಒಲೆ ಆರಿಸಿದ ಮೇಲೆ ಬೂದಿ ಮುಚ್ಚಿದ ಕೆಂಡದಲ್ಲಿ ಒಂದು ತಾಸು ಹೂತಿಟ್ಟದ್ದಕ್ಕೂ ಕುಕ್ಕರಿನದಕ್ಕೂ ಸಿಹಿಯಲ್ಲಿ ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ಒಲೆ ಇಲ್ಲದವರು ತಣ್ಣೀರಿನಲ್ಲಿ ಇಟ್ಟು ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ನಿಧಾನವಾಗಿ ಬೇಯಿಸಿ.